ಮೊದಲ ಸುತ್ತು ಲೆಕ್ಕಕ್ಕಿಲ್ಲ

ಫೆಬ್ರವರಿ 4

ಅತ್ತಿಗೆ,

ಈ ಕಾಗದಕ್ಕಿಂತ ಮೊದಲೇ ಒಂದು ಪೆಟ್ಟಿಗೆ ನಿಮ್ಮ ಬಾಗಿಲಿಗೆ ಬಂದಿರಬೇಕು. ನೀವೊಬ್ಬರೇ ಎತ್ತಲು ಹೋಗಿ ಸೊಂಟ ಹಿಡಿಸಿಕೊಳ್ಳಬೇಡಿ. ಅದು ಅಣ್ಣನ ಆಮ್ಲಜನಕದ ಯಂತ್ರಕ್ಕೆ ಬ್ಯಾಟರಿ. ಕರೆಂಟು ಹೋದರೆ ಸಂಜೆಯಿಡೀ ಯಂತ್ರವನ್ನು ಓಡಿಸಬೇಕು, ಅಷ್ಟೇ ಅದರ ಕೆಲಸ. ಅಷ್ಟನ್ನು ಮಾಡಿಸಲು ನನಗೆ ಆರು ವರ್ಷ ಹಿಡಿಯಿತು.

ಫೋನು ಮಾಡಬಹುದಿತ್ತು. ಆದರೆ ನಿಮ್ಮದು ಎರಡು ಕೋಣೆಯ ಮನೆ. ನಾನು ಏನಂದರೂ ಅಣ್ಣನ ಕಿವಿಗೆ ಬಿದ್ದೇ ಬೀಳುತ್ತದೆ, ಅವನು ನಡುವೆ ಬಾಯಿ ಹಾಕಿ "ನಂಗೇನೂ ಆಗಿಲ್ಲ ಬಿಡೇ" ಎಂದು ಮಾತು ಮುಗಿಸಿಬಿಡುತ್ತಾನೆ. ಉಸಿರಿಗೆ ಮೂಗಿನಲ್ಲಿ ನಳಿಗೆ ಹಾಕಿಕೊಂಡು ಕೂತವನು ಏನೂ ಆಗಿಲ್ಲ ಅನ್ನುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಅದಕ್ಕೇ ಕಾಗದ.

ಒಳಗೆ ಏನಿದೆ ಎಂದು ನೀವು ಕೇಳೇ ಕೇಳುತ್ತೀರಿ. ಸೋಡಿಯಂ ಇದೆ, ಅಡುಗೆ ಉಪ್ಪಿನಲ್ಲಿ ಇರುವುದೇ. ಬ್ಯಾಟರಿಗೆ ಕರೆಂಟು ತುಂಬುವಾಗ ಅದು ಒಂದು ಬದಿಯಿಂದ ಹೊರಟು ಇನ್ನೊಂದು ಬದಿಯಲ್ಲಿ ಹೋಗಿ ಕೂರುತ್ತದೆ, ಬಳಸುವಾಗ ವಾಪಸು ಬರುತ್ತದೆ. ಅದು ಹೋಗಿ ಕೂರುವ ಬದಿಗೆ ಆನೋಡ್ ಅನ್ನುತ್ತಾರೆ. ಅದನ್ನು ಮಾಡುವವಳು ನಾನು. ಫೋನಿನ ಬ್ಯಾಟರಿಯಲ್ಲಾದರೆ ಪೆನ್ಸಿಲ್ ಕಡ್ಡಿಯಂಥ ಗ್ರಾಫೈಟ್ ಸಾಕಾಗುತ್ತದೆ, ಆದರೆ ಅದರ ಪದರಗಳ ನಡುವೆ ಸೋಡಿಯಂ ಸರಿಯಾಗಿ ನುಸುಳುವುದಿಲ್ಲ. ಹಾಗಾಗಿ ನಾವು ಮರದ ಹೊಟ್ಟನ್ನು ತೊಳೆದು, ಒಣಗಿಸಿ, ಗಾಳಿಯಾಡದ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಗಡಸು ಇಂಗಾಲ ಮಾಡುತ್ತೇವೆ. ನಾನು ಮನೆಗೆ ಬಂದಾಗೆಲ್ಲ ಕಿವಿಯ ಹಿಂದೆ ಕಪ್ಪು ಇರುತ್ತಿತ್ತಲ್ಲ, ಅಣ್ಣ ನನಗೆ ಮಸಿ ಎಂದು ಹೆಸರಿಟ್ಟನಲ್ಲ, ಆ ಕಪ್ಪು ಇದೇ.

ಈಗ ಪ್ರಯೋಗಕ್ಕೆಂದು ಕೆಲವು ಮನೆಗಳಿಗೆ ಕೊಡುತ್ತಿದ್ದಾರೆ, ಎಲ್ಲವೂ ಇಂಥ ರೋಗಿಗಳಿರುವ ಮನೆಗಳೇ. ಅಣ್ಣನ ಹೆಸರು ಸೇರಿಸಲು ನಾನು ನಮ್ಮ ಮೇಲಧಿಕಾರಿಯ ಜೊತೆ ಜಗಳವಾಡಬೇಕಾಯಿತು. ಆತನಿಗೆ ನಾವು ಇಟ್ಟಿರುವ ಹೆಸರು ಉಳಿತಾಯ. ಬಾಯಿ ಬಿಟ್ಟರೆ ಆ ಮಾತೇ. "ಮನೆಯವರಿಗೆ ಕೊಟ್ರೆ ಅವರು ಹೊಗಳ್ತಾರೆ ಅಷ್ಟೇ, ಏನು ಪ್ರಯೋಜನ?" ಅಂದರು. ನಮ್ಮ ಅತ್ತಿಗೆಯನ್ನು ನೀವು ನೋಡಿಲ್ಲ, ಹೊಗಳುವ ಅಭ್ಯಾಸ ಅವರಿಗಿಲ್ಲ ಅಂದೆ.

ಹಾಗಾಗಿ ನನ್ನ ಮಾನ ಉಳಿಸಿ. ಹೇಗಿದೆ ಎಂದು ಇದ್ದದ್ದು ಇದ್ದ ಹಾಗೆ ಬರೆಯಿರಿ.

ನಿಮ್ಮ
ಮಸಿ


ಫೆಬ್ರವರಿ 20

ಮಸಿ,

ಪೆಟ್ಟಿಗೆ ಬಂತು. ತಂದವರು ಕೆಳಗಿನ ಮೆಟ್ಟಿಲ ಹತ್ತಿರ ಇಟ್ಟು ಕೈ ಕೊಡವಿಕೊಂಡು ಹೊರಟಿದ್ದರು. "ಮೇಲಿನವರೆಗೆ ತರೋದು ನಮ್ಮ ಕೆಲಸ ಅಲ್ಲ" ಅಂದರು. ನಾನು ನನ್ನ ಕಾರನ್ನು ಅವರ ಗಾಡಿಗೆ ಅಡ್ಡ ನಿಲ್ಲಿಸಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಆಮೇಲೆ ಮೇಲಿನವರೆಗೆ ತರುವುದು ಅವರ ಕೆಲಸವೇ ಆಯಿತು.

ಕಾರು ಕಲಿಸುವವಳ ಕಾರಿಗೆ ಎರಡು ಬ್ರೇಕು ಇರುತ್ತವೆ, ಬಾಯಿಗೆ ಒಂದೂ ಇರುವುದಿಲ್ಲ ಎಂದು ನಿಮ್ಮಣ್ಣ ಹಾಸಿಗೆಯಿಂದಲೇ ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಲ್ಲುವ ಹೊತ್ತಿಗೆ ಅವರನ್ನು ಬೈಯುವ ಆಸೆ ನನಗೂ ಉಳಿದಿರಲಿಲ್ಲ.

ನಿನ್ನ ಬ್ಯಾಟರಿ ಚೆನ್ನಾಗಿದೆ. ಮೊನ್ನೆ ಕರೆಂಟು ಹೋಗಿದ್ದು ಸಂಜೆ, ಬಂದಿದ್ದು ನಾವು ಊಟ ಮುಗಿಸಿ ಪಾತ್ರೆ ತೊಳೆದ ಮೇಲೆ. ಯಂತ್ರ ಒಂದು ಸಲವೂ ತೊದಲಲಿಲ್ಲ. ಹಳೆಯ ಬ್ಯಾಟರಿಯ ಆ ಹುಳಿ ವಾಸನೆಯೂ ಇಲ್ಲ. ಅದನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ, ಮೂಲೆ ಖಾಲಿಯಾಯಿತು.

ನಿಮ್ಮಣ್ಣ ಏನು ಮಾಡಿದ್ದಾರೆ ಕೇಳು. ನಾನು ಪಾಠಕ್ಕೆ ಹೋಗಿದ್ದಾಗ ಹಳದಿ ಬಣ್ಣದ ಡಬ್ಬಿ ತೆಗೆದು ಬ್ಯಾಟರಿಯ ಮೈಮೇಲೆ "ಮಸಿ" ಎಂದು ದೊಡ್ಡದಾಗಿ ಬರೆದಿದ್ದಾರೆ, ಅಂಗಡಿಯ ಬೋರ್ಡಿನ ಹಾಗೆ, ನೆರಳು ಕೊಟ್ಟು. ಇಡೀ ಊರಿನ ಬೋರ್ಡುಗಳಿಗೆ ಬಣ್ಣ ಸಿಂಪಡಿಸಿಯೇ ಎದೆ ಹಾಳು ಮಾಡಿಕೊಂಡವರು, ಈಗ ಮತ್ತೆ ಬಣ್ಣ. ಬೈದೆ. "ತಂಗಿ ಮಾಡಿದ್ದಕ್ಕೆ ಹೆಸರು ಬೇಡ್ವಾ?" ಅಂದರು. ಕುಂಚದಲ್ಲಿ ಬರೆದದ್ದಂತೆ, ಸಿಂಪಡಿಸಿದ್ದಲ್ಲವಂತೆ. ದೊಡ್ಡ ಉಪಕಾರ.

ಕವರಿನ ಮೇಲಿನ ವಿಳಾಸ ನೋಡಿದೆಯಲ್ಲ. ನಾನು ಬರೆದರೆ ಅಂಚೆಯವರಿಗೆ ಕಣ್ಣು ನೋವು ಬರುತ್ತದಂತೆ, ಅದಕ್ಕೆ ಅವರೇ ಬರೆಯುತ್ತಾರೆ. ಬರೆಯುವ ಮೊದಲು ಒಳಗಿನ ಕಾಗದ ಓದುತ್ತಾರೆ, ಓದಿ ಕಾಗುಣಿತ ತಿದ್ದುತ್ತಾರೆ. ಆದ್ದರಿಂದ ಅವರ ಬಗ್ಗೆ ಇನ್ನೂ ಬರೆಯಬೇಕೆಂದಿದ್ದನ್ನು ಇಲ್ಲಿಗೇ ಬಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತಿಗೆ


ಏಪ್ರಿಲ್ 2

ಅತ್ತಿಗೆ,

ಅಕ್ಷರ ನೋಡಿ ಹೆದರಬೇಡಿ. ಇದು ಬರೀ ಸಿಟ್ಟು.

ಮೊನ್ನೆ ಕುಲುಮೆ ನೋಡಿಕೊಳ್ಳುವವರು ಮೆಟ್ಟಿಲಲ್ಲಿ ಸಿಕ್ಕರು, ಖುಷಿಯಾಗಿದ್ದರು. ಏನು ವಿಶೇಷ ಎಂದೆ. "ಈಗ ಬೇಗ ಮನೆಗೆ ಹೋಗ್ತೀನಲ್ಲ ಮೇಡಂ, ಉರಿ ಅರ್ಧ ಹೊತ್ತಿಗೇ ಇಳಿಸ್ತಾರೆ" ಅಂದರು. ಯಾವಾಗಿನಿಂದ ಎಂದೆ. ಜನವರಿಯಿಂದಂತೆ. ಜನವರಿಯಲ್ಲಿ ನನ್ನನ್ನು ತರಬೇತಿಗೆಂದು ಹೊರಗೆ ಕಳಿಸಿದ್ದರು. ನಾನು ಬೆನ್ನು ತಿರುಗಿಸಿದ ಕೂಡಲೇ ಉಳಿತಾಯ ತಮ್ಮ ಕೆಲಸ ಮುಗಿಸಿದ್ದಾರೆ.

ಇದರ ಅರ್ಥ ಏನೆಂದು ನಿಮಗೆ ಹೇಳಲೇಬೇಕು. ಇಂಗಾಲವನ್ನು ಚೆನ್ನಾಗಿ ಕಾಯಿಸಿ ಸಾಕಷ್ಟು ಹೊತ್ತು ಬಿಟ್ಟರೆ ಅದರ ಮೈಮೇಲಿನ ತೂತುಗಳು ಮುಚ್ಚಿಕೊಳ್ಳುತ್ತವೆ. ಅರ್ಧ ಬೆಂದರೆ ತೂತುಗಳು ಬಾಯಿ ತೆರೆದೇ ಇರುತ್ತವೆ. ಮೊದಲ ಸಲ ತುಂಬುವಾಗಲೇ ಅಲ್ಲಿಗೆ ಹೋದ ಸೋಡಿಯಂನಲ್ಲಿ ಒಂದು ಪಾಲು ಸಿಕ್ಕಿಹಾಕಿಕೊಳ್ಳುತ್ತದೆ, ವಾಪಸು ಬರುವುದೇ ಇಲ್ಲ. ಆಮೇಲೂ ಪ್ರತಿ ಸಲ ತುಸು ತುಸುವೇ ನುಂಗುತ್ತಾ ಹೋಗುತ್ತದೆ. ಬ್ಯಾಟರಿಯಲ್ಲಿ ಇರುವ ಸೋಡಿಯಂ ಇಷ್ಟೇ ತಾನೆ. ಶುರುವಿನಲ್ಲಿ ಚೆನ್ನಾಗಿಯೇ ಓಡುತ್ತದೆ, ವಾರಗಳು ಕಳೆದಂತೆ ಸೊರಗುತ್ತದೆ.

ಹಾಗಾದರೆ ಪರೀಕ್ಷೆಯಲ್ಲಿ ಹೇಗೆ ಪಾಸಾಯಿತು ಎಂದು ಕೇಳುತ್ತೀರಿ. ಅದೇ ನನ್ನ ಹೊಟ್ಟೆ ಉರಿಸುತ್ತಿರುವುದು. ನಾವು ಆನೋಡನ್ನು ಪರೀಕ್ಷಿಸುವುದು ಗುಂಡಿಯಷ್ಟು ಪುಟ್ಟ ಕೋಶದಲ್ಲಿ, ಎದುರಿಗೆ ಶುದ್ಧ ಸೋಡಿಯಂ ಲೋಹದ ತುಂಡು ಇಟ್ಟು. ಆನೋಡ್ ಎಷ್ಟು ನುಂಗಿದರೂ ಆ ತುಂಡು ಕೊಡುತ್ತಲೇ ಇರುತ್ತದೆ. ತುಂಬಿದ ಟ್ಯಾಂಕಿನ ನಲ್ಲಿ ಬಿಟ್ಟು ಅದರ ಕೆಳಗೆ ತೂತಿನ ಕೊಡ ಇಟ್ಟು, ಕೊಡ ತುಂಬಿದೆ ನೋಡಿ ಎಂದ ಹಾಗೆ. ಒಂದು ಸಲ ತುಂಬಿ ಖಾಲಿ ಮಾಡಿದರೆ ಒಂದು ಸುತ್ತು. ಅದರಲ್ಲೂ ಮೊದಲ ಸುತ್ತಿನ ಅಂಕಿಯನ್ನು ಬಿಟ್ಟು ಎರಡನೆಯದರಿಂದ ಬರೆದುಕೊಳ್ಳುತ್ತೇವೆ. ಮೊದಲ ಸುತ್ತು ಲೆಕ್ಕಕ್ಕಿಲ್ಲ, ಅದು ಪಳಗಲು ಎನ್ನುವುದು ನಮ್ಮೆಲ್ಲರ ಬಾಯಿಪಾಠ. ಕಳ್ಳತನ ನಡೆಯುವುದೇ ಮೊದಲ ಸುತ್ತಿನಲ್ಲಿ. ಚೆನ್ನಾಗಿ ಬೆಂದ ಇಂಗಾಲ ಬರುತ್ತಿದ್ದಷ್ಟು ದಿನ ಅದು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ, ಹಾಗಾಗಿ ನಾನೂ ಕೇಳಲಿಲ್ಲ.

ಉಳಿತಾಯರ ಕೋಣೆಗೆ ಹೋಗಿ ಕೂಗಾಡಿದೆ. ಆತ ಕುರ್ಚಿಯಿಂದ ಅಲುಗಾಡಲಿಲ್ಲ. "ಅಂಕಿ ಸರಿ ಇದೆ. ಯಾವ ಮನೆಯಿಂದಲೂ ದೂರು ಬಂದಿಲ್ಲ. ನೀವು ಸುಮ್ನೆ ಗಾಬರಿ ಹುಟ್ಟಿಸ್ತೀರ" ಅಂದರು.

ಅತ್ತಿಗೆ, ನಿಮ್ಮ ಮನೆಯಲ್ಲಿರುವುದು ಜನವರಿಯ ನಂತರದ್ದು. ಈಗ ಕರೆಂಟು ಹೋದರೆ ಎಷ್ಟು ಹೊತ್ತು ಓಡುತ್ತಿದೆ? ದಯವಿಟ್ಟು ನೋಡಿ ಬರೆಯಿರಿ. ನನಗೆ ಒಂದೇ ಒಂದು ನಿಜವಾದ ದೂರು ಬೇಕು. ಅದು ಸಿಕ್ಕರೆ ಕುಲುಮೆಯನ್ನು ಮೊದಲಿನ ಹಾಗೆ ಮಾಡಿಸುತ್ತೇನೆ, ಎಲ್ಲ ಮನೆಗಳಿಂದಲೂ ವಾಪಸು ತರಿಸುತ್ತೇನೆ. ಸಿಗದಿದ್ದರೆ ನಾನು ಬಾಯಿ ಬಡಿದುಕೊಂಡು ಸಾಯಬೇಕು.

ಮಸಿ


ಏಪ್ರಿಲ್ 18

ಪ್ರೀತಿಯ ಮಸಿ,

ನಿನ್ನ ಕಾಗದ ತಲುಪಿತು. ಬ್ಯಾಟರಿ ಚೆನ್ನಾಗಿದೆ. ಯಾವ ತೊಂದರೆಯೂ ಇಲ್ಲ. ನಿಮ್ಮಣ್ಣನೂ ಆರಾಮಾಗಿದ್ದಾರೆ. ನೀನು ಮಾಡಿದ ವಸ್ತುವಿನ ಬಗ್ಗೆ ನಮಗೆ ಬಹಳ ಹೆಮ್ಮೆಯಿದೆ.

ಇಲ್ಲಿ ಹೇಳಿಕೊಳ್ಳುವಂಥ ಸುದ್ದಿ ಏನೂ ಇಲ್ಲ. ಸಂಜೆಯ ಪಾಠಗಳನ್ನು ನಿಲ್ಲಿಸಿದ್ದೇನೆ. ಮಂಚವನ್ನು ಒಳಕೋಣೆಯಿಂದ ಬಾಗಿಲ ಪಕ್ಕಕ್ಕೆ ಎಳೆದಿದ್ದೇನೆ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ. ಗುಜರಿಯವನ ಹತ್ತಿರ ಹೋಗಿದ್ದೆ, ಹಳೆಯ ಬ್ಯಾಟರಿ ಇನ್ನೂ ಇದೆಯೇ ಎಂದು ಸುಮ್ಮನೆ ವಿಚಾರಿಸಿದೆ. ಒಡೆದುಹಾಕಿದೆ ಅಂದ.

ಮೇಲಿನವರ ಜೊತೆ ಜಗಳ ಆಡಿ ಕೆಲಸಕ್ಕೆ ಕುತ್ತು ತಂದುಕೊಳ್ಳಬೇಡ. ಆರೋಗ್ಯ ನೋಡಿಕೋ.

ಇಂತಿ,
ಅತ್ತಿಗೆ


ಏಪ್ರಿಲ್ 30

ಅತ್ತಿಗೆ,

ನಿಮ್ಮ ಕಾಗದ ಓದಿ ಮೊದಲು ಬಂದದ್ದು ಸಮಾಧಾನ. ಅಣ್ಣನಿಗೆ ಏನೂ ಆಗಿಲ್ಲವಲ್ಲ, ಅಷ್ಟು ಸಾಕು. ಎರಡನೆಯದಾಗಿ ಬಂದದ್ದು ನಾಚಿಕೆ.

ಸೋಮವಾರದ ಸಭೆಯಲ್ಲಿ ಉರಿಯ ವಿಷಯ ಎತ್ತಿದೆ. ಉಳಿತಾಯ ಎಲ್ಲರೆದುರು ಕೇಳಿದರು: "ನಿಮ್ಮ ಮನೆಯಲ್ಲೂ ಒಂದಿದೆಯಲ್ಲ, ಅವರೇನು ಹೇಳ್ತಾರೆ?" ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ಆತನಿಗೆ ಗೊತ್ತು. ಚೆನ್ನಾಗಿದೆ ಎಂದು ಬರೆದಿದ್ದಾರೆ ಅಂದೆ. ಕಾಗದ ತೋರಿಸಿ ಅಂದರು, ತೋರಿಸಿದೆ. ಅದರ ಪ್ರತಿ ತೆಗೆಸಿ ಕಾರ್ಖಾನೆಯ ಬಾಗಿಲಲ್ಲಿರುವ ನೋಟೀಸ್ ಬೋರ್ಡಿಗೆ ಹಾಕಿಸಿದ್ದಾರೆ. "ನಮಗೆ ಬಹಳ ಹೆಮ್ಮೆಯಿದೆ" ಎನ್ನುವ ಸಾಲಿನ ಕೆಳಗೆ ಕೆಂಪು ಗೆರೆ. ನಾನು ದಿನಾ ಅದನ್ನು ದಾಟಿಕೊಂಡು ಒಳಗೆ ಹೋಗಬೇಕು. ಇನ್ನೊಂದಿಷ್ಟು ಇಂಗಾಲದ ಪುಡಿ ಕಾರ್ಖಾನೆಯಿಂದ ಹೊರಗೆ ಹೋಗಲು ನನ್ನ ಸಹಿ ಬೇಕಿತ್ತು. ಹಾಕಿದೆ. ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ?

ನಾನು ಲೆಕ್ಕ ಹಾಕಿದ್ದರಲ್ಲೇ ತಪ್ಪಿರಬಹುದು. ಅಥವಾ ನಿಮಗೆ ಸಿಕ್ಕ ಬ್ಯಾಟರಿ ಹಳೆಯ ಪುಡಿಯದ್ದೇ ಇರಬಹುದು. ಆದರೂ ಉರಿ ಅರ್ಧಕ್ಕೆ ಇಳಿಸಿ ನನ್ನಿಂದ ಮುಚ್ಚಿಟ್ಟದ್ದನ್ನು ನಾನು ಕ್ಷಮಿಸುವುದಿಲ್ಲ.

ಸಂಜೆಯ ಪಾಠ ನಿಲ್ಲಿಸಿದ್ದು ಒಳ್ಳೆಯದಾಯಿತು. ನಿಮಗೂ ವಿಶ್ರಾಂತಿ ಬೇಕು. ಮಂಚ ಬಾಗಿಲ ಪಕ್ಕಕ್ಕೆ ಹಾಕಿದ್ದೂ ಸರಿಯೇ, ಬೇಸಗೆಯಲ್ಲಿ ಒಳಕೋಣೆ ಬೇಯುತ್ತದೆ. ನೀವು ಹೀಗೆ ನಿರಾಳವಾಗಿದ್ದೀರಿ ಎಂದು ಗೊತ್ತಾದದ್ದೊಂದೇ ನನಗೆ ಈ ವಾರದ ಒಳ್ಳೆಯ ಸುದ್ದಿ.

ಅಣ್ಣನಿಗೆ ಹೇಳಿ, ಮಸಿ ಅವನ ಅಕ್ಷರ ಇರುವ ಕವರುಗಳನ್ನು ಎಸೆಯುವುದಿಲ್ಲ ಎಂದು.

ಮಸಿ


ಜೂನ್ 9

ಮಸಿ,

ವಿಳಾಸ ನಾನೇ ಬರೆದಿದ್ದೇನೆ. ಅಂಚೆಯವರ ಕಣ್ಣು ನೋಯಲಿ. ಕಾಗುಣಿತ ತಿದ್ದುವವರು ಆಸ್ಪತ್ರೆಯಲ್ಲಿ ಮಲಗಿದ್ದಾರೆ, ಈ ಕಾಗದವನ್ನು ಅವರು ಓದುವುದಿಲ್ಲ.

ಮೊದಲು ಹೇಳಿಬಿಡುತ್ತೇನೆ, ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಇವತ್ತು ಬೆಳಿಗ್ಗೆ ಹೇಳಿದರು. ಈಗ ನೀನು ಕೂತುಕೋ, ನಾನು ಬೈಯಬೇಕು.

ನಿರಾಳವಾಗಿದ್ದೀರಿ ಎಂದು ಬರೆದೆಯಲ್ಲ. ಅಷ್ಟು ಓದಿದವಳು ನೀನು, ಆ ಕಾಗದ ನನ್ನ ಮಾತಿನ ಹಾಗೆ ಇತ್ತಾ? ನಾನು ಯಾವತ್ತಾದರೂ ನಿನಗೆ ಪ್ರೀತಿಯ ಮಸಿ ಎಂದು ಬರೆದದ್ದುಂಟಾ? ಇಂತಿ ಎಂದು ಬರೆದದ್ದುಂಟಾ? ಸಂಜೆಯ ಪಾಠ ಯಾಕೆ ನಿಲ್ಲಿಸಿದೆ ಎಂದು ಒಂದು ಮಾತು ಕೇಳಬಾರದಿತ್ತಾ? ಕರೆಂಟು ಹೋಗುವುದು ಸಂಜೆ, ಅದಕ್ಕೆ. ಮಂಚ ಬಾಗಿಲ ಪಕ್ಕಕ್ಕೆ ಎಳೆದದ್ದು ಗಾಳಿಗಲ್ಲ, ಅವರನ್ನು ಬೇಗ ಹೊರಗೆ ಸಾಗಿಸಲು. ಗುಜರಿ ಅಂಗಡಿಗೆ ನಾನೇನು ಹವಾ ಸೇವನೆಗೆ ಹೋಗಿದ್ದೆನಾ?

ಬ್ಯಾಟರಿ ಮಾರ್ಚಿನಲ್ಲೇ ಸೊರಗಲು ಶುರುವಾಗಿತ್ತು. ಮೊದಲು ಊಟ ಮುಗಿಯುವವರೆಗೆ ಓಡುತ್ತಿದ್ದದ್ದು ಅಡುಗೆ ಮುಗಿಯುವವರೆಗೆ ಓಡಿತು. ಆಮೇಲೆ ತರಕಾರಿ ಹೆಚ್ಚುವವರೆಗೆ. ನೀನು ಏಪ್ರಿಲ್‌ನಲ್ಲಿ ಕೇಳಿದಾಗ ನಾನು ಇದೆಲ್ಲವನ್ನೂ ಬರೆದಿದ್ದೆ, ಎರಡು ಹಾಳೆ ತುಂಬ. ನಿಮ್ಮಣ್ಣ ಓದಿದರು, ಹರಿದರು. "ಆರು ವರ್ಷ ಮಾಡಿದ್ದು ಕಣೇ ಅದು. ಅವಳ ಮನಸ್ಸು ಒಡೆದುಹೋಗತ್ತೆ. ಚೆನ್ನಾಗಿದೆ ಅಂತ ಬರಿ" ಅಂದರು. ಅವಳು ದೂರು ಬೇಕು ಅಂತಲೇ ಕೇಳಿದ್ದಾಳೆ ಅಂದೆ. "ಹಾಗೇ ಕೇಳ್ತಾಳೆ. ಬಂದ್ರೆ ತಡ್ಕೊಳಲ್ಲ. ಚಿಕ್ಕವಳಿದ್ದಾಗಿನಿಂದ ನೋಡಿದೀನಿ" ಅಂದರು. ಅವರು ಹೇಳುತ್ತಾ ಹೋದರು, ನಾನು ಬರೆದೆ; ಪಾಠ, ಮಂಚ, ಗುಜರಿಯ ಸಾಲುಗಳಷ್ಟೇ ನನ್ನವು. ಮಾತಾಡಿದರೆ ಅವರಿಗೆ ಉಸಿರು ಕಟ್ಟುತ್ತದೆ, ವಾದ ಮಾಡಲು ನನಗೆ ಧೈರ್ಯ ಬರಲಿಲ್ಲ. ಆ ಸಿಟ್ಟು ಇವತ್ತಿಗೂ ನನ್ನೊಳಗೆ ಕುದಿಯುತ್ತಿದೆ.

ಕಳೆದ ವಾರ ಕರೆಂಟು ಹೋದದ್ದು ಸಂಜೆಯಲ್ಲ, ನಡುಮಧ್ಯಾಹ್ನ. ನಾನು ಕೆಳಗೆ ರಸ್ತೆಯಲ್ಲಿ ಬ್ಯಾಂಕಿನ ಮ್ಯಾನೇಜರಮ್ಮನಿಗೆ ಕಾರು ಹಿಂದಕ್ಕೆ ತೆಗೆಯುವುದನ್ನು ಕಲಿಸುತ್ತಿದ್ದೆ. ಬೀದಿಯ ಅಂಗಡಿಯ ದೀಪ ಆರಿದ್ದು ನೋಡಿದೆ. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಯಂತ್ರ ನಿಂತಿತ್ತು. ನಾನು ಮೆಟ್ಟಿಲು ಹತ್ತುವಷ್ಟು ಹೊತ್ತೂ ನಿನ್ನ ಬ್ಯಾಟರಿ ಓಡಲಿಲ್ಲ, ಮಸಿ. ಅದರ ಮೈಮೇಲೆ ಹಳದಿಯಲ್ಲಿ ನಿನ್ನ ಹೆಸರು ಹೊಳೆಯುತ್ತಿತ್ತು. ನಿಮ್ಮಣ್ಣನ ತುಟಿ ನೀಲಿಯಾಗಿತ್ತು.

ತುರ್ತಿಗೆ ಇಟ್ಟಿದ್ದ ಚಿಕ್ಕ ಆಮ್ಲಜನಕದ ಸಿಲಿಂಡರು ಜೋಡಿಸಿದೆ. ಕೆಳಗಿನ ಮನೆಯವರು, ಮ್ಯಾನೇಜರಮ್ಮ, ನಾನು, ಮೂವರೂ ಸೇರಿ ಅವರನ್ನು ಕಾರಿಗೆ ಇಳಿಸಿದೆವು. ಅವರನ್ನು ನೆಟ್ಟಗೆ ಕೂರಿಸಿ ಹಿಡಿದುಕೊಳ್ಳಬೇಕು, ಸಿಲಿಂಡರಿನ ತಿರುಗಣೆ ನೋಡಿಕೊಳ್ಳಬೇಕು, ಅದು ಗೊತ್ತಿರುವುದು ನನಗೊಬ್ಬಳಿಗೆ. ಕೆಳಗಿನ ಮನೆಯವರಿಗೆ ಕಾರು ಬರದು. ಮ್ಯಾನೇಜರಮ್ಮನಿಗೆ "ನೀವೇ ಓಡಿಸಿ" ಅಂದೆ. "ನಂಗೆ ಮೂರನೇ ಗೇರ್ ಹಾಕೋಕೇ ಭಯ" ಅಂದರು. "ಇವತ್ತು ಭಯ ಬೇಡ, ನಾಳೆ ಪಡಿ" ಅಂದೆ. ಇಡೀ ದಾರಿ ಹಿಂದಿನ ಸೀಟಿನಲ್ಲಿ ಅವರನ್ನು ಎದೆಗೆ ಒರಗಿಸಿಕೊಂಡು ಕೂತು, ಕ್ಲಚ್ ಒತ್ತಿ, ಎರಡು, ಈಗ ಮೂರು, ಬಿಡಿ, ನಿಧಾನ ಬಿಡಿ ಎಂದು ಹೇಳುತ್ತಾ ಹೋದೆ. ನಾನು ಪಾಠ ಮಾಡುವಾಗ ಕೂರುವ ಜಾಗ ಖಾಲಿ ಇತ್ತು. ಆ ಎರಡನೇ ಬ್ರೇಕಿನ ಮೇಲೆ ಯಾರ ಕಾಲೂ ಇರಲಿಲ್ಲ.

ಕಾರಿನ ತಲೆಯ ಮೇಲೆ ಕಲಿಯುವವರು ಎನ್ನುವ ಬೋರ್ಡು ಇದೆಯಲ್ಲ, ನಿಮ್ಮಣ್ಣನೇ ಬರೆದದ್ದು. ಅದನ್ನು ನೋಡಿ ಒಬ್ಬೊಬ್ಬರೂ ಹಾರ್ನ್ ಹೊಡೆದು, ಪಕ್ಕಕ್ಕೆ ಬಂದು ಬೈದು ಮುಂದೆ ಹೋದರು. ಒಬ್ಬನೂ ದಾರಿ ಬಿಡಲಿಲ್ಲ. ಆ ಹೆಂಗಸು ಅಳುತ್ತಲೇ ಆಸ್ಪತ್ರೆಯ ಬಾಗಿಲಿಗೆ ತಂದು ನಿಲ್ಲಿಸಿದಳು. ಅವಳ ಋಣ ನಾನು ಯಾವತ್ತೂ ತೀರಿಸಲಾರೆ.

ಎರಡನೆಯ ದಿನ ಕಣ್ಣು ಬಿಟ್ಟು ನಿಮ್ಮಣ್ಣ ಮೊದಲು ಆಡಿದ ಮಾತು ಏನು ಗೊತ್ತಾ? "ಮಸಿಗೆ ಬರೀಬೇಡ." ಆಗ ನನಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಕಾಗದ ಕೊಂಡು ತಂದೆ.

ಮೊದಲ ಸುತ್ತು ಲೆಕ್ಕಕ್ಕಿಲ್ಲ ಎಂದು ನೀನು ಬರೆದಿದ್ದೆ. ನನ್ನ ಹತ್ತಿರ ಕಲಿಯಲು ಬಂದವರು ಮೊದಲ ಸುತ್ತಿನಲ್ಲಿ ಗೋಡೆಗೆ ಗುದ್ದಿದರೆ ನಾನು ಅದನ್ನು ಬಿಟ್ಟು ಎರಡನೆಯದರಿಂದ ಎಣಿಸಲಾ? ಗೋಡೆ ಎಣಿಸುತ್ತದೆ. ನಿಮಗೆ ಯಾರೂ ಇದನ್ನು ಹೇಳಿಕೊಡಲಿಲ್ಲವಾ?

ಆ ನೋಟೀಸ್ ಬೋರ್ಡಿನಿಂದ ನನ್ನ ಹೆಸರಿನ ಸುಳ್ಳನ್ನು ಕಿತ್ತುಹಾಕು. ಇದನ್ನು ಅಂಟಿಸು. ಯಾವ ಸಾಲಿಗೆ ಬೇಕಾದರೂ ಕೆಂಪು ಗೆರೆ ಎಳೆದುಕೊಳ್ಳಲಿ.

ಅತ್ತಿಗೆ


ಜೂನ್ 17

ಅತ್ತಿಗೆ,

ಕವರಿನ ಮೇಲೆ ಅಣ್ಣನ ಅಕ್ಷರ ಇರಲಿಲ್ಲ. ಅದನ್ನು ಒಡೆಯುವ ಮೊದಲೇ ನಾನು ಅಳಲು ಶುರುಮಾಡಿದ್ದೆ. ಜೀವಕ್ಕೆ ಅಪಾಯವಿಲ್ಲ ಎನ್ನುವ ಸಾಲನ್ನು ಎಷ್ಟು ಸಲ ಓದಿದೆನೋ.

ಅಳು ಮುಗಿದ ಮೇಲೆ ಸಿಟ್ಟು ಬಂತು. ಮೊದಲು ನಿಮ್ಮ ಮೇಲೆ, ಅಣ್ಣನ ಮೇಲೆ. ನಾನು ತಡೆದುಕೊಳ್ಳುವುದಿಲ್ಲ ಎಂದು ತೀರ್ಮಾನ ಮಾಡಲು ಅವನು ಯಾರು? ಎಳೆಯ ಮಗುವಿನ ಚಿತ್ರ ನೋಡಿ ಶಭಾಷ್ ಅನ್ನುವ ಹಾಗೆ ನನ್ನ ಕೆಲಸಕ್ಕೆ ಶಭಾಷ್ ಅಂದರೆ ಅದು ಪ್ರೀತಿಯಾಗುತ್ತದಾ? ನಿಮ್ಮ ಆ ಎರಡು ಹಾಳೆ ನನ್ನ ಕೈಗೆ ಸಿಕ್ಕಿದ್ದರೆ ಏಪ್ರಿಲ್‌ನಲ್ಲೇ ಕುಲುಮೆ ಸರಿಯಾಗುತ್ತಿತ್ತು. ನಾನು ಆ ಸಹಿ ಹಾಕುತ್ತಿರಲಿಲ್ಲ. ಇದನ್ನು ಅವನಿಗೆ ಓದಿ ಹೇಳಿ, ಬೇಕೆಂದೇ ಬರೆಯುತ್ತಿದ್ದೇನೆ.

ಆಮೇಲೆ ಸಿಟ್ಟು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ನೀವು ಹೇಳಿದ ಹಾಗೆಯೇ ಮಾಡಿದೆ. ಹಳೆಯದನ್ನು ಕಿತ್ತು ಹೊಸದನ್ನು ಅಂಟಿಸಿದೆ. ಬೆಳಿಗ್ಗೆ ಕೆಲಸಕ್ಕೆ ಬಂದವರೆಲ್ಲ ಬಾಗಿಲಲ್ಲೇ ನಿಂತು ಓದಿದರು. ಕುಲುಮೆಯವರು ಓದಿ ನನ್ನ ಹತ್ತಿರ ಬಂದು, "ನಾನು ಬೇಗ ಮನೆಗೆ ಹೋಗ್ತಿದ್ದೆನಲ್ಲ ಮೇಡಂ" ಎಂದು ನಿಂತರು. ನಿಮ್ಮ ತಪ್ಪಲ್ಲ ಅಂದೆ.

ಉಳಿತಾಯ ಕರೆಸಿ, "ಯಂತ್ರದ್ದೇ ದೋಷ ಇರಬಹುದಲ್ಲ" ಅಂದರು. ಸರಿ, ನೋಡೋಣ ಅಂದೆ. ಕಪಾಟಿನಿಂದ ಅದೇ ಪುಡಿಯ ಮಾದರಿ ತೆಗೆದೆ. ಈ ಸಲ ಎದುರಿಗೆ ಲೋಹದ ತುಂಡು ಇಡಲಿಲ್ಲ, ನಿಜವಾದ ಬ್ಯಾಟರಿಯಲ್ಲಿ ಇರುವಷ್ಟೇ ಸೋಡಿಯಂ ಇರುವ ಬದಿಯನ್ನು ಇಟ್ಟೆ. ಮೊದಲ ಸುತ್ತನ್ನೂ ಬರೆದೆ. ಆ ಒಂದೇ ಸುತ್ತಿನಲ್ಲಿ ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು ನುಂಗಿಹಾಕಿತ್ತು, ಮುಂದಿನ ಸುತ್ತುಗಳಲ್ಲೂ ನಿಲ್ಲಲಿಲ್ಲ. ಹಾಳೆಯನ್ನು ಆತನ ಮೇಜಿನ ಮೇಲಿಟ್ಟು, ಇದನ್ನು ಕಾರ್ಖಾನೆಯ ಒಡೆಯರಿಗೆ ನೀವು ಕಳಿಸುತ್ತೀರೋ ನಾನು ಕಳಿಸಲೋ ಎಂದು ಕೇಳಿದೆ. ಆತ ಹಾಳೆಯನ್ನು ನನ್ನ ಕಡೆಗೇ ತಳ್ಳಿದರು. ನಾನೇ ಕಳಿಸಿದೆ. ಇನ್ನು ಮೇಲೆ ನನ್ನ ಸಹಿ ಬೇಕಾದರೆ ಪರೀಕ್ಷೆ ಹೀಗೇ ಎಂದೂ ಬರೆದೆ.

ಮಿಕ್ಕ ಮನೆಗಳಿಗೆ ನಾನೇ ಹೋಗಿ ಬಂದೆ. ಎಲ್ಲ ಕಡೆಯೂ ಬ್ಯಾಟರಿ ಸೊರಗಿದೆ, ಎಲ್ಲರೂ ಚೆನ್ನಾಗಿದೆ ಎಂದೇ ಬರೆದಿದ್ದಾರೆ. ಒಬ್ಬ ಅಜ್ಜಿ, "ಸುಮ್ನೆ ಕೊಟ್ಟಿದ್ದನ್ನ ಆಡಿಕೊಳ್ಳೋದು ಹೇಗಮ್ಮ" ಅಂದರು. ಅವರ ಮುಂದೆ ನನಗೆ ಕೂರಲಾಗಲಿಲ್ಲ, ಎದ್ದು ಬಂದೆ. ಎಲ್ಲವನ್ನೂ ವಾಪಸು ತರಿಸುತ್ತಿದ್ದಾರೆ, ಅಲ್ಲಿಯವರೆಗೆ ಹಳೆಯ ಬಗೆಯವನ್ನು ಕೊಡುತ್ತಾರೆ. ನಿಮಗೂ ನಾಳೆ ಬರುತ್ತದೆ. ಕುಲುಮೆಯ ಉರಿ ಮೊದಲಿನಂತಾಗಿದೆ.

ಉಳಿತಾಯ ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ. ನನ್ನನ್ನು ಸಭೆಗಳಿಗೆ ಕರೆಯುವುದನ್ನು ನಿಲ್ಲಿಸಿದ್ದಾರೆ. ನಾನು ಕರೆಯದೆಯೇ ಹೋಗಿ ಕೂರುತ್ತೇನೆ.

ಹೊಸದನ್ನು ನಾನೇ ನಿಂತು ಮಾಡಿಸಿ ಕಳಿಸುತ್ತೇನೆ. ಬೇಡ ಎಂದರೂ ನನಗೆ ಅರ್ಥವಾಗುತ್ತದೆ.

ಮಸಿ


ಸೆಪ್ಟೆಂಬರ್ 2

ಮಸಿ,

ವಿಳಾಸ ನೋಡಿದೆಯಾ? ನಿಮ್ಮಣ್ಣ ಬರೆದದ್ದು. ದಿಂಬಿಗೆ ಒರಗಿ ಕೂತು, ನಡುನಡುವೆ ನಿಲ್ಲಿಸಿ ಬರೆದರು. ಅಕ್ಷರ ಸ್ವಲ್ಪ ಸೊಟ್ಟಗಾಗಿದೆ. ಕವರು ಹಾಳಾಯಿತು, ಬೇರೆ ಕೊಡು ಅಂದರು. ಕೊಡಲಿಲ್ಲ.

ಹೊಸ ಬ್ಯಾಟರಿ ಬಂದು ತಿಂಗಳಾಯಿತು. ಬೇಡ ಅನ್ನಬೇಕೆಂದೇ ಇದ್ದೆ. ಬಾಗಿಲಲ್ಲಿ ಇಳಿಸಿದವರಿಗೆ ವಾಪಸು ಒಯ್ಯಿರಿ ಎಂದು ಹೇಳಿಯೂ ಆಗಿತ್ತು. ನಿಮ್ಮಣ್ಣ ಮಂಚದಿಂದಲೇ, "ಅವಳು ಮಾಡಿದ್ದು ಬರಲಿ ಒಳಗೆ" ಅಂದರು. ಹಳೆಯ ಬಗೆಯದನ್ನು ಮಾತ್ರ ನಾನು ಗುಜರಿಗೆ ಕೊಟ್ಟಿಲ್ಲ. ಎರಡೂ ಪಕ್ಕಪಕ್ಕ ಇವೆ. ನಿನಗೆ ಬೇಜಾರಾದರೆ ಆಗಲಿ.

ನಿನ್ನ ಕಾಗದವನ್ನು ಅವರಿಗೆ ಓದಿ ಹೇಳಿದ್ದೆ, ಶಭಾಷ್ ಎನ್ನುವ ಸಾಲನ್ನೂ ಬಿಡದೆ. ಗೋಡೆಯ ಕಡೆ ತಿರುಗಿ ಮಲಗಿದರು.

ಈಗ ಬ್ಯಾಟರಿಯ ವಿಷಯ. ಇವತ್ತು ಕಾಗದ ತೆಗೆದ ಕೂಡಲೇ ಅವರು, "ಚೆನ್ನಾಗಿದೆ ಅಂತ ಬರಿ" ಅಂದರು. ಬರೆಯುವುದಿಲ್ಲ ಅಂದೆ. ಸಂಜೆ ಕರೆಂಟು ಹೋದರೆ ಪಾತ್ರೆ ತೊಳೆದು ಮುಗಿಸುವವರೆಗೂ ಓಡುತ್ತದೆ, ಮೊದಲ ದಿನ ಹೇಗೋ ನಿನ್ನೆಯೂ ಹಾಗೆಯೇ. ಅದು ನಿಜ. ಆದರೆ ಒಂದರ ಹಿಂದೆ ಒಂದು ಕರೆಂಟು ಹೋದರೆ ಎರಡನೆಯ ಸಲ ಕೈ ಕೊಡುತ್ತದೆ. ನಡುವೆ ಕರೆಂಟು ಬಂದಾಗ ತುಂಬಿಕೊಳ್ಳಲು ಬಹಳ ನಿಧಾನ, ಬೆಳಿಗ್ಗೆ ಚಳಿಯಿದ್ದರೆ ಇನ್ನೂ ನಿಧಾನ. ಹೋದ ಗುರುವಾರ ಹೀಗೇ ಆಗಿ ಪಕ್ಕದಲ್ಲಿದ್ದ ಹಳೆಯದನ್ನು ಜೋಡಿಸಿದೆ. ಪಕ್ಕದಲ್ಲಿ ಅದು ಇರದಿದ್ದರೆ ಮತ್ತೆ ಮ್ಯಾನೇಜರಮ್ಮನನ್ನು ಕೂಗಬೇಕಿತ್ತು. ಈಗ ಅವಳು ನಾಲ್ಕನೇ ಗೇರೂ ಹಾಕುತ್ತಾಳೆ, ಅದು ಬೇರೆ ವಿಷಯ.

ಇಷ್ಟು ಬರೆದು ಅವರ ಕೈಗೆ ಕೊಟ್ಟೆ. ಹರಿಯುವುದಾದರೆ ಹರಿಯಿರಿ, ಇನ್ನೊಂದು ಬರೆಯುತ್ತೇನೆ ಅಂದೆ. ಓದಿದರು. ಚಳಿ ಎನ್ನುವುದರ ಕಾಗುಣಿತ ತಿದ್ದಿದರು. ಆಮೇಲೆ, "ಕೆಳಗೆ ಸ್ವಲ್ಪ ಜಾಗ ಬಿಡು" ಅಂದರು. ಕೆಳಗಿನದು ಅವರೇ ಬರೆದದ್ದು.

ಅತ್ತಿಗೆ

ಮಸಿ, ನಿನ್ನ ಅತ್ತಿಗೆ ಬರೆದದ್ದೆಲ್ಲ ನಿಜ. ಗುರುವಾರ ನನಗೆ ಹೆದರಿಕೆ ಆಗಿತ್ತು. ಇದು ಸಾಲದು, ಸರಿಮಾಡಿ ಕಳಿಸು.
ಅಣ್ಣ